ಗಣಕ ಪ್ರಶ್ನೋತ್ತರ: ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಯಾವುದನ್ನು ಹಿಡಿಯುವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತಿವೆ. ಹಳೆಯ ಕಂಪ್ಯೂಟರನ್ನು ಏನು ಮಾಡುವುದು? ಹೊಸದನ್ನು ಕೊಳ್ಳುವುದಾದರೆ ವಿಂಡೋಸ್, ಆಪಲ್‌ನ ಮ್ಯಾಕ್, ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಮೂರು ಆಪರೇಟಿಂಗ್ ಸಿಸ್ಟಂಗಳಲ್ಲಿ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ) ಯಾವ ಕಡೆಗೆ ಹೋಗುವುದು? ಹಾಗಾಗಿ ಈ ಬಾರಿ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿಲ್ಲವೆಂದು ಓದುಗರು ಆಕ್ಷೇಪಿಸಬಾರದು. ಕೇಳಿದವರ ಕೆಲಸ ಬೇರೆ, ಅವರ ಹಳೆಯ ಕಡತಗಳು ಸಿಕ್ಕಿಕೊಂಡಿರುವ ತಂತ್ರಾಂಶ ಬೇರೆ, ಅವರ ಊರಿನಲ್ಲಿ ಕೈಗೆ ಸಿಗುವ ರಿಪೇರಿಯವರು ಬೇರೆ. ಈ ಮೂರನ್ನು ಬದಿಗಿಟ್ಟು ‘ಯಾವುದು ಒಳ್ಳೆಯದು’ ಎಂದು ಕೇಳಿದರೆ ಜಾಹೀರಾತಿನ ಉತ್ತರವನ್ನಷ್ಟೇ ಕೊಡಲು ಸಾಧ್ಯ.

ಪ್ರಶ್ನೆ: ನನ್ನ ಬಳಿ 2015ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ನಾಲ್ಕನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಬ್ಯಾಂಕಿನ ವ್ಯವಹಾರ, ಇ-ಮೇಲ್, ಕನ್ನಡದಲ್ಲಿ ಲೇಖನ ಬರೆದು ಮುದ್ರಿಸುವುದು, ಇಷ್ಟೇ ನನ್ನ ಬಳಕೆ. ಇದನ್ನು ಎಸೆದು ಹೊಸದು ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಲಿನಕ್ಸ್ ಹಾಕಿಕೊಡುತ್ತೇನೆ ಎಂದು ಮೊಮ್ಮಗ ಹೇಳುತ್ತಾನೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಮೊಮ್ಮಗನ ಮಾತು ಕೇಳಿ, ಆದರೆ ಅವನು ರಜೆ ಮುಗಿಸಿ ಹೊರಡುವ ಮೊದಲು ಇಲ್ಲಿ ಹೇಳುವ ಕೆಲವು ಪರೀಕ್ಷೆಗಳನ್ನು ಅವನ ಕೈಯಲ್ಲೇ ಮಾಡಿಸಿಬಿಡಿ.

ಬೆಂಬಲ ಮುಗಿಯಿತೆಂದರೆ ಯಂತ್ರ ನಿಂತುಹೋಗುತ್ತದೆ ಎಂದಲ್ಲ. ಆಪರೇಟಿಂಗ್ ಸಿಸ್ಟಂನಲ್ಲಿ ಇನ್ನು ಮುಂದೆ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಬರುವುದಿಲ್ಲ ಎಂದು ಅರ್ಥ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಿಂಡೋಸ್ 11ಕ್ಕೆ ಏರಿಸೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಯಂತ್ರ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಬಿಡುವ ಸೆಕ್ಯೂರ್ ಬೂಟ್ ಕೇಳುತ್ತದೆ, ಇಂಟೆಲ್ ಆದರೆ ಸರಿಸುಮಾರು ಎಂಟನೇ ತಲೆಮಾರಿನ ನಂತರದ ಪ್ರೊಸೆಸರನ್ನೇ ಕೇಳುತ್ತದೆ. ನಿಮ್ಮದು ನಾಲ್ಕನೆಯದು. ಈ ತಪಾಸಣೆಯನ್ನು ತಪ್ಪಿಸಿ ಹಾಕಿಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್‌ಗಳ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟೇ ಹೇಳಿರುವುದರಿಂದ, ಯಾವ ಕಾರಣಕ್ಕಾಗಿ ನೀವು ಬದಲಾಯಿಸಲು ಹೊರಟಿದ್ದೀರೋ ಆ ಕಾರಣವೇ ಅಲ್ಲಿ ಈಡೇರುವುದಿಲ್ಲ. ಇನ್ನೊಂದು ದಾರಿ ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರುವುದು. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಲು ಒಪ್ಪಿದರೆ ಹಣ ಕೊಡದೆಯೂ ಅದಕ್ಕೆ ಸೇರಬಹುದು. ಮನೆಬಳಕೆಯವರಿಗಾಗಿ ಈ ಯೋಜನೆಯನ್ನು ಪ್ರಕಟಿಸಿದಾಗ ಅದಕ್ಕೆ ಕೊಟ್ಟ ಗಡುವು 2026ರ ಅಕ್ಟೋಬರ್ 13. ಯೋಚಿಸಿ ನಿರ್ಧರಿಸಲು ಕಾಲಾವಕಾಶ ಎಂಬಷ್ಟರ ಮಟ್ಟಿಗೆ ಅದು ಉಪಯುಕ್ತ.

ನಿಮ್ಮ ನಾಲ್ಕು ಕೆಲಸಗಳಲ್ಲಿ ಬ್ಯಾಂಕು ಮತ್ತು ಇ-ಮೇಲ್ ಬ್ರೌಸರಿನಲ್ಲಿ ನಡೆಯುವಂಥವು. ಫೈರ್‌ಫಾಕ್ಸ್, ಕ್ರೋಮ್ ಎರಡೂ ಲಿನಕ್ಸ್‌ನಲ್ಲಿ ಇರುವುದರಿಂದ ಅಲ್ಲಿ ತೊಂದರೆಯಿಲ್ಲ. ಲಿನಕ್ಸ್‌ನ ಹಲವು ರೂಪಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ನಿಮ್ಮ 4 ಜಿಬಿ ರ‍್ಯಾಮ್‌ನಲ್ಲಿ ಸಲೀಸಾಗಿ ನಡೆಯುತ್ತದೆ, ಮತ್ತು ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳಿವೆ. ಖರ್ಚು ಮಾಡುವ ಮನಸ್ಸಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹವಾದ ಎಸ್‌ಎಸ್‌ಡಿ ಸಣ್ಣದೊಂದನ್ನು ಹಾಕಿಸಿ. ಹತ್ತು ವರ್ಷದ ಯಂತ್ರಕ್ಕೆ ಅದು ತರುವ ಚುರುಕನ್ನು ಬೇರೆ ಯಾವ ಬದಲಾವಣೆಯೂ ತರುವುದಿಲ್ಲ.

ಲೇಖನಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೀವು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆಯುತ್ತಿದ್ದೀರಾದರೆ ಆ ತಂತ್ರಾಂಶ ವಿಂಡೋಸ್‌ನದು. ಆದರೆ ನಿಮ್ಮ ಬೆರಳುಗಳಿಗೆ ಅಭ್ಯಾಸವಾಗಿರುವ ಕೀಲಿಮಣೆ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿ ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದು, ಲಿನಕ್ಸ್‌ನಲ್ಲೂ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಪ್ಯಾಕೇಜನ್ನು ಸೇರಿಸಿದರೆ ಪಟ್ಟಿಯಲ್ಲಿ ‘ಕೆಜಿಪಿ’ ಎಂಬ ಹೆಸರಿನಿಂದ ಕಾಣಿಸುತ್ತದೆ. ಕಡತಗಳು ಎಲ್ಲ ಭಾಷೆಗಳ ಅಕ್ಷರಗಳಿಗೂ ಸ್ವಂತ ಸಂಕೇತ ಕೊಡುವ ಯುನಿಕೋಡ್‌ನಲ್ಲಿದ್ದರೆ, ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಹಾಗೆಯೇ ತೆರೆಯುತ್ತವೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಬರೆದವಾಗಿದ್ದರೆ ಮುಂದಿನ ಪ್ರಶ್ನೆಯ ಉತ್ತರವನ್ನು ದಯವಿಟ್ಟು ಓದಿ, ವಿಂಡೋಸ್ ಅಳಿಸುವ ಮೊದಲೇ ಅವನ್ನು ಪರಿವರ್ತಿಸಿಕೊಳ್ಳಿ.

ಕಡೆಯದು ಮುದ್ರಕ. ಅನೇಕರ ಲಿನಕ್ಸ್ ಪ್ರಯಾಣ ಮುರಿದುಬೀಳುವುದು ಇಲ್ಲಿಯೇ. ಎಚ್‌ಪಿಯ ಬಹುತೇಕ ಮುದ್ರಕಗಳಿಗೆ ಆ ಕಂಪನಿಯೇ ಲಿನಕ್ಸ್ ಚಾಲಕ ತಂತ್ರಾಂಶವನ್ನು ಒದಗಿಸುತ್ತದೆ. ನಮ್ಮ ಅಂಗಡಿ, ಕಚೇರಿಗಳಲ್ಲಿ ಎಲ್ಲೆಂದರಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ರಂಥವು ತಮ್ಮದೇ ಬೇರೆ ಭಾಷೆಯಲ್ಲಿ ಕಂಪ್ಯೂಟರಿನೊಡನೆ ಮಾತನಾಡುವುದರಿಂದ ಲಿನಕ್ಸ್‌ನಲ್ಲಿ ಅವನ್ನು ಒಲಿಸುವುದು ಕಷ್ಟ. ಮಿಂಟನ್ನು ಪೆನ್ ಡ್ರೈವ್‌ನಿಂದಲೇ, ಡಿಸ್ಕಿಗೆ ಏನೂ ಮಾಡದೆ, ಚಲಾಯಿಸಿ ನೋಡಲು ಬರುತ್ತದೆ. ಮೊಮ್ಮಗ ಹಾಗೆ ಚಲಾಯಿಸಿ, ನಿಮ್ಮ ಮುದ್ರಕದಲ್ಲಿ ಒಂದು ಕನ್ನಡ ಪುಟವನ್ನು ಮುದ್ರಿಸಿ ತೋರಿಸಲಿ. ಶಬ್ದ, ವೈ-ಫೈ, ಬ್ಯಾಂಕಿನ ತಾಣ ಇವನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಪುಟ ಬಂದರೆ ಲಿನಕ್ಸ್ ಹಾಕಿಸಿ, ಬಾರದಿದ್ದರೆ ಹೊಸ ಕಂಪ್ಯೂಟರಿಗಿಂತ ಮೊದಲು ಬೇರೆ ಮುದ್ರಕದ ಬೆಲೆ ಕೇಳಿ.

ಪ್ರಶ್ನೆ: ನಮ್ಮದು ಚಿಕ್ಕ ಮುದ್ರಣಾಲಯ. ಇಪ್ಪತ್ತು ವರ್ಷಗಳಿಂದ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ ಕನ್ನಡ ಪುಸ್ತಕ, ಆಮಂತ್ರಣ ಪತ್ರಿಕೆ, ಪಂಚಾಂಗಗಳನ್ನು ಮಾಡಿದ್ದೇವೆ. ಯಂತ್ರದಲ್ಲಿ ವಿಂಡೋಸ್ 7 ಇದೆ. ಮುದ್ರಣಕ್ಕೆ ಮ್ಯಾಕ್ ಶ್ರೇಷ್ಠವೆಂದು ಪಾಲುದಾರರು ಅದನ್ನೇ ಕೊಳ್ಳಲು ಒತ್ತಾಯಿಸುತ್ತಿದ್ದಾರೆ. ಹಳೆಯ ಕೆಲಸಗಳೆಲ್ಲ ಅದರಲ್ಲಿ ತೆರೆಯುತ್ತವೆಯೇ?
– ಮುದ್ರಕರು, ಗದಗ

ಉತ್ತರ: ತೆರೆಯುವುದಿಲ್ಲ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಕನ್ನಡದಲ್ಲಿ ಕಂಪ್ಯೂಟರ್ ಕೆಲಸ ಮಾಡುವವರ ಎದುರಿಗಿರುವ ಅತಿ ದೊಡ್ಡ ಸಂಕೋಲೆ ವಿಂಡೋಸೂ ಅಲ್ಲ, ಮ್ಯಾಕೂ ಅಲ್ಲ.

ಮುದ್ರಣ ಮತ್ತು ಮ್ಯಾಕ್ ಒಂದೇ ಎಂಬ ನಂಬಿಕೆಗೆ ಚರಿತ್ರೆಯಲ್ಲಿ ಆಧಾರವಿದೆ. 1984ರಲ್ಲಿ ಮ್ಯಾಕಿಂತಾಷ್ ಬಂತು, ಮರುವರ್ಷ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಮೊದಲು ಬಂದದ್ದೂ ಅದರ ಮೇಲೆಯೇ. ಆದರೆ ಕರ್ನಾಟಕದ ಮುದ್ರಣಾಲಯಗಳು ಕಂಪ್ಯೂಟರಿಗೆ ಬಂದದ್ದು ಹೆಚ್ಚಾಗಿ ವಿಂಡೋಸ್ ಮೂಲಕ, ಬೆಲೆ ಕಡಿಮೆ ಎಂಬ ಕಾರಣಕ್ಕೆ ಮತ್ತು ಕನ್ನಡ ಟೈಪಿಂಗ್ ತಂತ್ರಾಂಶಗಳು ಅದಕ್ಕೇ ತಯಾರಾಗುತ್ತಿದ್ದವು ಎಂಬ ಕಾರಣಕ್ಕೆ. 2001ರಲ್ಲಿ ಬಂದ ಪೇಜ್‌ಮೇಕರ್ 7 ಆ ಸರಣಿಯ ಕಡೆಯದು. ಅದರ ಮ್ಯಾಕ್ ಆವೃತ್ತಿ ಹಳೆಯ ಮ್ಯಾಕ್ ಓಎಸ್‌ಗಾಗಿ ಮಾಡಿದ್ದು, ಇಂದಿನ ಯಾವ ಮ್ಯಾಕ್‌ನಲ್ಲೂ ನಡೆಯುವುದಿಲ್ಲ.

ನಿಜವಾದ ತೊಡಕು ಫಾಂಟಿನಲ್ಲಿದೆ. ಆ ಕಾಲದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಒತ್ತಕ್ಷರ ಮತ್ತೊಂದು ಕಡೆ. ಹೀಗೆ ಬರೆದ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಕನ್ನಡದ ವೇಷ ಹಾಕಿಸುತ್ತಿರುವುದು ಫಾಂಟ್, ವೇಷ ಕಳಚಿದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಲಿಪಿ. ಒಂದು ಕಂಪನಿಯ ಫಾಂಟಿಗೂ ಇನ್ನೊಂದರದಕ್ಕೂ ಈ ಜೋಡಣೆ ಹೊಂದುತ್ತಿರಲಿಲ್ಲ. ಯುನಿಕೋಡ್ ಸಂಹಿತೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದರೂ, ಪೇಜ್‌ಮೇಕರ್ ಯುನಿಕೋಡನ್ನು ಅರಿಯದ ಕಾರಣ ಮುದ್ರಣ ಲೋಕ ಹಳೆಯ ಪದ್ಧತಿಯಲ್ಲೇ ಉಳಿಯಿತು. ನಿಮ್ಮ ಇಪ್ಪತ್ತು ವರ್ಷಗಳ ದುಡಿಮೆ ಹೀಗೆ ಒಂದು ನಿರ್ದಿಷ್ಟ ತಂತ್ರಾಂಶ, ಒಂದು ನಿರ್ದಿಷ್ಟ ಫಾಂಟ್, ಕೆಲವು ಕಡೆ ಒಂದು ಡಾಂಗಲ್ (ತಂತ್ರಾಂಶ ನಡೆಯಲು ಯಂತ್ರಕ್ಕೆ ಚುಚ್ಚಬೇಕಾದ ಕೀಲಿ), ಈ ಮೂರರ ಒಳಗೆ ಬೀಗ ಹಾಕಿಕೊಂಡು ಕುಳಿತಿದೆ. ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಬೀಗ ತೆರೆಯುವುದಿಲ್ಲ, ಕೀಲಿ ಕಳೆದುಹೋಗುತ್ತದೆ ಅಷ್ಟೆ.

ಹಾಗಾಗಿ ನನ್ನ ಸಲಹೆ ಇದು. ವಿಂಡೋಸ್ 7ರ ಯಂತ್ರವನ್ನು ಮಾರಬೇಡಿ. ಅದರ ಇಂಟರ್‌ನೆಟ್ ಸಂಪರ್ಕವನ್ನು ಕಡಿದು, ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ ತೆಗೆದಿಟ್ಟು, ಹಳೆಯ ಕೆಲಸಗಳನ್ನು ತೆರೆಯುವುದಕ್ಕೆ ಮಾತ್ರ ಬಳಸಿ. ಆ ಯಂತ್ರ ಕೆಡುವ ಭಯವಿದ್ದರೆ ಅದರೊಳಗಿನದನ್ನೆಲ್ಲ ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಕಲ್ಪಿತ ಯಂತ್ರವಾಗಿ ಮಾಡಿಸಿ ಹೊಸ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಹೊಸದು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನದಾಗಿರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ. ಆಪಲ್ 2020ರಿಂದ ತನ್ನದೇ ಎಂ ಸರಣಿಯ ಚಿಪ್‌ಗಳಿಗೆ ಬದಲಾದ ಮೇಲೆ, ಇಂಟೆಲ್‌ಗಾಗಿ ಬರೆದ ವಿಂಡೋಸ್ 7ನ್ನು ಅದರಲ್ಲಿ ಕೆಲಸಕ್ಕೆ ಬರುವ ವೇಗದಲ್ಲಿ ನಡೆಸುವುದು ಸಾಧ್ಯವಿಲ್ಲ.

ಹೊಸ ಕೆಲಸಗಳನ್ನೆಲ್ಲ ಇಂದಿನಿಂದಲೇ ಯುನಿಕೋಡ್‌ನಲ್ಲಿ ಮಾಡಿ. ಪುಟವಿನ್ಯಾಸಕ್ಕೆ ಅಡೋಬಿಯ ಇನ್‌ಡಿಸೈನ್ ಬಳಸುವಿರಾದರೆ ಅದರಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರನ್ನು ಆರಿಸಿಕೊಳ್ಳಬೇಕು. ಇಲ್ಲವಾದರೆ ಒತ್ತಕ್ಷರಗಳು ಚದುರಿ ಬೀಳುತ್ತವೆ, ಮತ್ತು ಇನ್‌ಡಿಸೈನ್‌ಗೆ ಕನ್ನಡ ಬರುವುದಿಲ್ಲವೆಂಬ ಅಪವಾದ ಹಬ್ಬಿರುವುದು ಬಹುಪಾಲು ಈ ಒಂದು ಸೆಟ್ಟಿಂಗ್‌ನಿಂದ. ಇನ್‌ಡಿಸೈನ್‌ನ ಮಾಸಿಕ ಬಾಡಿಗೆ ಭಾರವೆನಿಸಿದರೆ ಅಂಥದೇ ಉಚಿತ ತಂತ್ರಾಂಶವಾದ ಸ್ಕ್ರೈಬಸ್ 1.6 ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಮತ್ತು ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಪ್ಲೇಟ್ ಮಾಡುವವರಿಗೆ ಹೋಗುವುದು ಪಿಡಿಎಫ್ ಆದ್ದರಿಂದ ಅದನ್ನು ಯಾವ ಯಂತ್ರದಲ್ಲಿ ಮಾಡಿದಿರೆಂದು ಅವರು ಕೇಳುವುದೂ ಇಲ್ಲ.

ಹಳೆಯ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಒಮ್ಮೆಲೇ ಪರಿವರ್ತಿಸಲು ಹೋಗಬೇಡಿ. ಮರುಮುದ್ರಣಕ್ಕೆ ಬಂದ ಪುಸ್ತಕವನ್ನು ಮಾತ್ರ, ಬಂದಾಗ, ಪರಿವರ್ತಿಸಿ, ಅರ್ಕಾವತ್ತು ಮತ್ತು ಎರಡು ಒತ್ತುಗಳಿರುವ ಪದಗಳನ್ನು ಕರಡು ತಿದ್ದುವವರು ಒಮ್ಮೆ ಪೂರ್ತಿ ನೋಡಲಿ. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಆ ಜಾಗಗಳಲ್ಲಿ. ಪೇಜ್‌ಮೇಕರಿನ ಪುಟವಿನ್ಯಾಸವೂ ಬೇಕೆಂದರೆ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಮಾತ್ರ ಆ ಕಡತಗಳನ್ನು ತೆರೆಯಬಲ್ಲವು, ನಂತರದವು ಆ ಸೌಲಭ್ಯವನ್ನು ಕೈಬಿಟ್ಟಿವೆ.

ಪಾಲುದಾರರಿಗೆ ಮ್ಯಾಕ್ ಬೇಕೇಬೇಕೆಂದಿದ್ದರೆ ಈ ಕೆಲಸವೆಲ್ಲ ಮುಗಿದ ಮೇಲೆ ಕೊಳ್ಳಲಿ. ಕಡತಗಳು ಯುನಿಕೋಡ್‌ಗೆ ಬಂದ ನಂತರ ಅದು ಅಭಿರುಚಿಯ ಮತ್ತು ಹಣದ ಪ್ರಶ್ನೆ ಮಾತ್ರ.

ಪ್ರಶ್ನೆ: ಮ್ಯಾಕ್‌ಗೂ ಲಿನಕ್ಸ್‌ಗೂ ವೈರಸ್ ಬರುವುದಿಲ್ಲವಂತೆ. ನಿಜವೇ?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ನಿಜವಲ್ಲ, ವಿಂಡೋಸ್‌ಗೆ ಬರುವಷ್ಟು ಬರುವುದಿಲ್ಲ ಎಂಬುದು ನಿಜ. ಹೆಚ್ಚು ಜನ ಬಳಸುವ ವ್ಯವಸ್ಥೆಯ ಮೇಲೆ ಹೆಚ್ಚು ಕಳ್ಳರ ಕಣ್ಣು. ಅದಕ್ಕಿಂತ ಮುಖ್ಯವಾಗಿ, ಈಗ ನಮ್ಮಲ್ಲಿ ಜನರ ಹಣ ಹೋಗುತ್ತಿರುವುದು ಸುಳ್ಳು ಕೆವೈಸಿ ಕೊಂಡಿ, ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಯ ಕರೆ, ಪರದೆಯನ್ನು ಹಂಚಿಕೊಳ್ಳುವಂತೆ ಮಾಡುವ ಮೋಸ ಇಂಥವುಗಳಿಂದ. ಇವು ನಡೆಯುವುದು ಮನುಷ್ಯನ ಭಯ ಮತ್ತು ಆತುರದ ಮೇಲೆ. ಅಲ್ಲಿ ಮೂರೂ ಆಪರೇಟಿಂಗ್ ಸಿಸ್ಟಂಗಳು ಸಮಾನವಾಗಿ ನಿಸ್ಸಹಾಯಕ.

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಸೇರಲಿದ್ದಾಳೆ. ಕೌನ್ಸೆಲಿಂಗ್ ಮುಗಿದಿಲ್ಲ, ಕಂಪ್ಯೂಟರ್ ಸೈನ್ಸ್ ಅಥವಾ ಮೆಕ್ಯಾನಿಕಲ್ ಸಿಗಬಹುದು. ಅವಳಿಗೆ ಮ್ಯಾಕ್‌ಬುಕ್ ಬೇಕಂತೆ. ಅದೇ ದುಡ್ಡಿಗೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಬರುತ್ತದೆ ಎಂದು ತಮ್ಮ ಹೇಳುತ್ತಾನೆ. ಈಗಿರುವ ರಿಯಾಯಿತಿಯಲ್ಲಿ ಕೊಂಡುಬಿಡಲೇ?
– ಗೃಹಿಣಿ, ದಾವಣಗೆರೆ

ಉತ್ತರ: ಈಗ ಕೊಳ್ಳಬೇಡಿ. ರಿಯಾಯಿತಿ ದಸರೆಗೂ ಬರುತ್ತದೆ, ದೀಪಾವಳಿಗೂ ಬರುತ್ತದೆ. ವಿಭಾಗ ಯಾವುದೆಂದು ತಿಳಿಯದೆ ಲ್ಯಾಪ್‌ಟಾಪ್ ಕೊಂಡರೆ ಅದನ್ನು ಬದಲಿಸಿಕೊಡುವವರು ಮಾತ್ರ ಸಿಗುವುದಿಲ್ಲ.

ಮೆಕ್ಯಾನಿಕಲ್ ಅಥವಾ ಸಿವಿಲ್ ಸಿಕ್ಕರೆ ಚರ್ಚೆಯೇ ಇಲ್ಲ, ವಿಂಡೋಸ್ ತೆಗೆದುಕೊಳ್ಳಿ. ಸಾಲಿಡ್‌ವರ್ಕ್ಸ್, ರೆವಿಟ್ ಮುಂತಾದವು ವಿಂಡೋಸ್‌ಗೆ ಮಾತ್ರ ಇವೆ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದ್ದರೂ ಅದರಲ್ಲಿ ಎಲ್ಲ ಸೌಲಭ್ಯಗಳೂ ಇಲ್ಲ. ಎಲೆಕ್ಟ್ರಾನಿಕ್ಸ್ ಆದರೂ ಹೆಚ್ಚುಕಡಿಮೆ ಇದೇ ಮಾತು. ಚಿಪ್ ವಿನ್ಯಾಸಕ್ಕೆ ಬಳಸುವ ವಿವಾಡೊ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಹೊರತು ಮ್ಯಾಕ್‌ನಲ್ಲಿ ನಡೆಯುವುದಿಲ್ಲ. ಹಿಂದೆ ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ಮ್ಯಾಕ್‌ಗೇ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಎಂ ಸರಣಿಯ ಚಿಪ್‌ಗಳು ಬಂದ ಮೇಲೆ ಆ ಬಾಗಿಲು ಮುಚ್ಚಿದೆ.

ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಎರಡೂ ಸರಿಹೋಗುತ್ತವೆ, ಮತ್ತು ಮಗಳ ಆಸೆಗೂ ತಮ್ಮನ ವಾದಕ್ಕೂ ಆಗ ಸಮಾನ ತೂಕವಿದೆ. ಮ್ಯಾಕ್ ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನ ಮನೆತನದ್ದು, ಆದ್ದರಿಂದ ಪ್ರೋಗ್ರಾಮಿಂಗ್ ಉಪಕರಣಗಳು ಅದರಲ್ಲಿ ಸಹಜವಾಗಿ ಕೂರುತ್ತವೆ. ಬ್ಯಾಟರಿ ಇಡೀ ದಿನದ ತರಗತಿಗಳಿಗೆ ಬರುತ್ತದೆ. ಐಫೋನಿಗಾಗಿ ಆ್ಯಪ್ ಬರೆಯಬೇಕೆಂದರೆ ಬೇಕಾಗುವ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಇದೆ. ವಿಂಡೋಸ್ ಕಡೆಯೂ ಈಗ ಡಬ್ಲ್ಯುಎಸ್‌ಎಲ್ ಮೂಲಕ ಲಿನಕ್ಸನ್ನು ಒಳಗೇ ನಡೆಸಬಹುದಾದ್ದರಿಂದ ಹತ್ತು ವರ್ಷದ ಹಿಂದಿದ್ದ ಅನನುಕೂಲ ಉಳಿದಿಲ್ಲ. ಮೆಷಿನ್ ಲರ್ನಿಂಗ್ ಕಡೆಗೆ ಒಲವಿದ್ದರೆ ಗ್ರಾಫಿಕ್ಸ್ ಚಿಪ್‌ನಿಂದ ಲೆಕ್ಕಾಚಾರ ಮಾಡಿಸುವ ಎನ್‌ವಿಡಿಯಾದ ಕುಡಾ ವ್ಯವಸ್ಥೆ ಇಂದಿನ ಮ್ಯಾಕ್‌ಗಳಲ್ಲಿ ಇಲ್ಲವೆಂಬುದನ್ನು ಮಗಳು ತಿಳಿದಿರಲಿ.

ಕೊಳ್ಳುವಾಗ ಎರಡು ವಿಷಯಗಳಲ್ಲಿ ಬಿಗಿಯಾಗಿರಿ. ಮ್ಯಾಕ್‌ಬುಕ್‌ನಲ್ಲಿ ರ‍್ಯಾಮ್ ಚಿಪ್ಪಿನ ಜೊತೆಗೇ ಕೂಡಿಕೊಂಡಿರುವುದರಿಂದ ಆಮೇಲೆ ಒಂದು ಜಿಬಿಯನ್ನೂ ಸೇರಿಸಲಾಗದು. 2024ರ ಅಕ್ಟೋಬರಿನಿಂದ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮಾದರಿಯೇ 16 ಜಿಬಿಯದಾಗಿದೆ. 8 ಜಿಬಿಯ ಹಳೆಯ ದಾಸ್ತಾನನ್ನು ಅಗ್ಗವೆಂದು ಹಿಡಿಸಲು ಬಂದರೆ ನಾಲ್ಕು ವರ್ಷದ ಓದಿಗೆ ಅದು ಸಾಲದು ಎಂದು ಹೇಳಿ ಹೊರಡಿ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ, 2024ರ ಮಧ್ಯಭಾಗದಿಂದ ಹೆಚ್ಚಾಗಿ ಬರುತ್ತಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನವು ಬ್ಯಾಟರಿಯಲ್ಲಿ ಮ್ಯಾಕ್‌ಗೆ ಸಾಟಿಯಾಗುತ್ತವೆ, ಬರವಣಿಗೆ ಮತ್ತು ಬ್ರೌಸಿಂಗ್‌ಗೆ ಸೊಗಸಾಗಿವೆ. ಆದರೆ ಅವು ಇಂಟೆಲ್, ಎಎಂಡಿಗಳಿಗಿಂತ ಬೇರೆಯಾದ ಎಆರ್‌ಎಂ ಎಂಬ ಚಿಪ್ ವಂಶದವು. ಸಾಮಾನ್ಯ ತಂತ್ರಾಂಶಗಳನ್ನು ಅನುಕರಣೆಯ ಮೂಲಕ ನಡೆಸಿದರೂ ಪ್ರಯೋಗಾಲಯದ ಬೋರ್ಡುಗಳ, ಹಳೆಯ ಮುದ್ರಕಗಳ ಚಾಲಕ ತಂತ್ರಾಂಶಗಳು ಎಆರ್‌ಎಂಗಾಗಿಯೇ ಬರೆದಿರದಿದ್ದರೆ ನಡೆಯುವುದಿಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಸದ್ಯ ಇಂಟೆಲ್ ಅಥವಾ ಎಎಂಡಿಯೇ ನಿಶ್ಚಿಂತೆಯ ಆಯ್ಕೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗವಾಗಿ ಸಿಗುತ್ತದೆಂದು ತಮ್ಮ ಹೇಳಿದರೆ ಹೋಗಿ ಬರಲಿ. ವಾರಂಟಿ ಕಾಗದ ಯಾರ ಹೆಸರಿನದು, ಸೇವಾ ಕೇಂದ್ರ ದಾವಣಗೆರೆಯಲ್ಲಿ ಇದೆಯೇ ಎಂಬೆರಡನ್ನು ಹಣ ಕೊಡುವ ಮೊದಲು ಕೇಳಲಿ.

ಪ್ರಶ್ನೆ: ನಾನು ಲೆಕ್ಕಪತ್ರ ಬರೆಯುವವನು. ಕಚೇರಿಯಲ್ಲಿ ನಾಲ್ಕು ಕಂಪ್ಯೂಟರ್. ಲೈಸೆನ್ಸ್ ಖರ್ಚು ಉಳಿಸಲು ಎಲ್ಲವನ್ನೂ ಲಿನಕ್ಸ್‌ಗೆ ಬದಲಿಸಬಹುದೇ? ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸ ನಡೆಯಬೇಕು.
– ತೆರಿಗೆ ಸಲಹೆಗಾರರು, ಹಾಸನ

ಉತ್ತರ: ಟ್ಯಾಲಿಪ್ರೈಮ್ ವಿಂಡೋಸ್ ತಂತ್ರಾಂಶ. ಲಿನಕ್ಸ್‌ನಲ್ಲಿ, ವಿಂಡೋಸ್ ತಂತ್ರಾಂಶಗಳನ್ನು ನಡೆಸಿಕೊಡುವ ‘ವೈನ್’ ಮೂಲಕ ಅದನ್ನು ನಡೆಸಿದ್ದೇವೆಂದು ಹೇಳುವವರಿದ್ದಾರೆ. ಮಾರ್ಚ್ ಮುಗಿಯುವ ವಾರದಲ್ಲಿ ಅದು ಮುಷ್ಕರ ಹೂಡಿದರೆ ಬಂದು ಸರಿಮಾಡುವ ಹೊಣೆ ಅವರಾರದೂ ಅಲ್ಲ. ಟ್ಯಾಲಿ ಇರುವ ಯಂತ್ರಗಳನ್ನೂ, ಡಿಜಿಟಲ್ ಸಹಿಯ ಟೋಕನ್ ಚುಚ್ಚುವ ಯಂತ್ರವನ್ನೂ ವಿಂಡೋಸ್ 11ರಲ್ಲಿಯೇ ಇಟ್ಟುಕೊಳ್ಳಿ. ಪತ್ರ ವ್ಯವಹಾರಕ್ಕೆ, ಸ್ಕ್ಯಾನಿಂಗ್‌ಗೆ, ಬ್ರೌಸರಿನಲ್ಲಿ ನಡೆಯುವ ಕೆಲಸಕ್ಕೆ ಬಳಸುವ ಯಂತ್ರವೊಂದಿದ್ದರೆ ಅದರಲ್ಲಿ ಲಿನಕ್ಸ್ ಹಾಕಿ ಆರು ತಿಂಗಳು ನೋಡಿ. ಗ್ರಾಹಕರು ಕಳಿಸುವ ಎಕ್ಸೆಲ್ ಕಡತಗಳಲ್ಲಿ ಮ್ಯಾಕ್ರೋಗಳಿದ್ದರೆ ಲಿಬ್ರೆಆಫೀಸ್‌ನಲ್ಲಿ ಅವು ಕೈಕೊಡಬಹುದು. ಲೆಕ್ಕಪತ್ರದವರು ನಕಲಿ ವಿಂಡೋಸ್ ಇಟ್ಟುಕೊಳ್ಳುವುದನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಅಲ್ಲಿರುವುದು ನಿಮ್ಮ ಮಾಹಿತಿಯಲ್ಲ, ಗ್ರಾಹಕರದು.

ಪ್ರಶ್ನೆ: ನಮ್ಮ ಪ್ರೌಢಶಾಲೆಗೆ ದಾನಿಗಳು 12 ಹಳೆಯ ಕಂಪ್ಯೂಟರ್ ಕೊಟ್ಟಿದ್ದಾರೆ. ಒಂದರಲ್ಲೂ ಸರಿಯಾದ ವಿಂಡೋಸ್ ಇಲ್ಲ. ಲಿನಕ್ಸ್ ಹಾಕಿಸಿದರೆ ಮುಂದೆ ಕೆಲಸಕ್ಕೆ ಹೋದಾಗ ಮಕ್ಕಳಿಗೆ ವಿಂಡೋಸ್ ಬರದೆ ಹಿಂದುಳಿಯುವರೆಂದು ಪೋಷಕರು ಹೇಳುತ್ತಾರೆ.
– ಮುಖ್ಯೋಪಾಧ್ಯಾಯರು, ಶಿರಸಿ ತಾಲ್ಲೂಕು

ಉತ್ತರ: ಪೋಷಕರ ಆತಂಕಕ್ಕೆ ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ಕೇರಳದ ಸರ್ಕಾರಿ ಶಾಲೆಗಳು ಐಟಿ@ಸ್ಕೂಲ್ ಯೋಜನೆಯಡಿ 2000ರ ದಶಕದಲ್ಲೇ ಲಿನಕ್ಸ್‌ಗೆ ಬದಲಾದವು. ಈಗ ಕೈಟ್ ಎಂಬ ಹೆಸರಿನ ಸಂಸ್ಥೆ ಆ ಕೆಲಸವನ್ನು ಮುಂದುವರಿಸಿದೆ. ಹಾಗೆ ಓದಿದ ಮಕ್ಕಳು ಕೆಲಸ ಸಿಗದೆ ಕೂತಿಲ್ಲ, ಬೆಂಗಳೂರಿನ ಕಂಪನಿಗಳಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಲ್ಲಿ ಗೆದ್ದದ್ದು ತಂತ್ರಾಂಶ ಒಂದೇ ಅಲ್ಲ. ಸಾವಿರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನು ಅದಕ್ಕೆ ಹೊಂದಿಸಿದರು, ಮಲಯಾಳಂ ಟೈಪಿಂಗ್ ಮೊದಲ ದಿನದಿಂದ ಇರುವಂತೆ ನೋಡಿಕೊಂಡರು. ಬರಿಯ ಸಿಡಿ ಹಂಚಿದ್ದರೆ ಯಂತ್ರಗಳು ಕಪಾಟಿನಲ್ಲಿರುತ್ತಿದ್ದವು.

1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಯಂತ್ರಗಳು ಬಂದಿದ್ದವು. ಕೆಲವೇ ವರ್ಷಗಳಲ್ಲಿ ಜಗತ್ತು ಐಬಿಎಂ ಪಿಸಿಯ ಕಡೆಗೆ ಹೊರಳಿ ಆ ವ್ಯವಸ್ಥೆಯೇ ಇಲ್ಲವಾಯಿತು. ಇಂದು ಹೈಸ್ಕೂಲಿನಲ್ಲಿರುವ ಮಗು ಕೆಲಸಕ್ಕೆ ಸೇರುವ ಹೊತ್ತಿಗೆ ವಿಂಡೋಸ್‌ನ ಗುಂಡಿಗಳು ಎಲ್ಲಿರುತ್ತವೆಂದು ಅದನ್ನು ಮಾಡುವವರಿಗೇ ಗೊತ್ತಿಲ್ಲ. ಹೀಗಿರುವಾಗ ಕಡತ, ಕೋಶ, ಸೂತ್ರ, ಹುಡುಕಾಟ, ಕನ್ನಡ ಟೈಪಿಂಗ್ ಇವನ್ನು ಯಾವುದರಲ್ಲಿ ಕಲಿತರೂ ನಡೆಯುತ್ತದೆ.

ಪ್ರಾಯೋಗಿಕವಾಗಿ, ಮೊದಲು ಪ್ರೊಸೆಸರ್ 64 ಬಿಟ್‌ನದೇ ಎಂದು ನೋಡಿಸಿ. ಕೋರ್ 2 ಡುಯೊದಿಂದ ಈಚಿನವು ಸಾಮಾನ್ಯವಾಗಿ ಅಂಥವೇ. 32 ಬಿಟ್‌ನವನ್ನು ಬದಿಗಿಡಿ. ಲಿನಕ್ಸ್‌ನ ರೂಪಗಳಲ್ಲಿ ಉಬುಂಟು ಅವುಗಳನ್ನು ಕೈಬಿಟ್ಟು ವರ್ಷಗಳಾದವು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಸಹ ಅವುಗಳಿಗೆ ಅನುಸ್ಥಾಪನೆ ನಿಲ್ಲಿಸಿದೆ. ಹನ್ನೆರಡರಲ್ಲಿ ತೀರ ಕಳಪೆಯಾದ ನಾಲ್ಕರ ರ‍್ಯಾಮ್ ತೆಗೆದು ಉಳಿದ ಎಂಟಕ್ಕೆ ಹಾಕಿಸಿದರೆ 12 ಕುಂಟುವ ಯಂತ್ರಗಳಿಗಿಂತ 8 ನಡೆಯುವ ಯಂತ್ರಗಳು ನಿಮ್ಮ ಪಾಲಿಗೆ ಬರುತ್ತವೆ. ಲಿಬ್ರೆಆಫೀಸ್, ಜಿಯೋಜೀಬ್ರಾ, ಸ್ಕ್ರ್ಯಾಚ್, ಟಕ್ಸ್ ಪೇಂಟ್ ಹಾಕಿಸಿ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳು ಡೆಬಿಯನ್ ಮತ್ತು ಉಬುಂಟುಗಳ ಭಂಡಾರದಲ್ಲೇ ಇವೆ, ಮಕ್ಕಳಿಗೆ ಹೆಸರೇ ಇಷ್ಟವಾಗುತ್ತದೆ. ನಿಮ್ಮ ಶಾಲೆಯ ಒಬ್ಬ ಶಿಕ್ಷಕರಾದರೂ ಒಂದು ಯಂತ್ರವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಅನುಸ್ಥಾಪಿಸಿ ಕಲಿಯುವವರೆಗೆ ಹಾಕಿಕೊಡಲು ಬಂದವರನ್ನು ಹೊರಡಲು ಬಿಡಬೇಡಿ.

ಪ್ರಶ್ನೆ: ನನ್ನ ಹಳೆಯ 2017ರ ಮ್ಯಾಕ್‌ಬುಕ್ ಏರ್ ಅನ್ನು ಶಿವಮೊಗ್ಗದಲ್ಲಿರುವ ತಂದೆ-ತಾಯಿಗೆ ಕೊಡಬೇಕೆಂದಿದ್ದೇನೆ. ವಿಡಿಯೊ ಕರೆ, ಬ್ಯಾಂಕು, ಕನ್ನಡ ಪತ್ರಿಕೆಗಳ ಓದು ಅವರ ಬಳಕೆ. ಅವರು ಈವರೆಗೆ ವಿಂಡೋಸ್ ಬಳಸಿದವರು.
– ಓದುಗರು, ನ್ಯೂಜೆರ್ಸಿ

ಉತ್ತರ: ಆ ಯಂತ್ರವನ್ನು ಇರುವಂತೆಯೇ ಕೊಡಬೇಡಿ. 2017ರ ಏರ್‌ಗೆ ಆಪಲ್ ಕೊಟ್ಟ ಕಡೆಯ ಆವೃತ್ತಿ ಮಾಂಟೆರಿ, ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತುಹೋಗಿದೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳ ಆಯುಷ್ಯವೇ ಮುಗಿಯುತ್ತ ಬಂದಿದ್ದು, 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋ ಅವುಗಳಲ್ಲಿ ನಡೆಯುವ ಕಡೆಯ ಆವೃತ್ತಿಯೆಂದು ಆಪಲ್ ಘೋಷಿಸಿದೆ. ನಿಮ್ಮ ಏರ್‌ಗೆ ಲಿನಕ್ಸ್ ಹಾಕಿ ಕೊಡಬಹುದು. ವೈ-ಫೈ ಚಿಪ್ಪಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ, ಅದನ್ನು ಅಲ್ಲೇ ಸರಿಮಾಡಿ ತನ್ನಿ. ಆದರೆ ಶಿವಮೊಗ್ಗದಲ್ಲಿ ಲಿನಕ್ಸ್ ಹಾಕಿದ ಮ್ಯಾಕ್‌ಬುಕ್ ಕೈಕೊಟ್ಟರೆ ಅಂಗಡಿಗಳವರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ.

ಅವರಿಗೆ ವಿಂಡೋಸ್ ಅಭ್ಯಾಸವಿದೆ ಎಂಬುದಕ್ಕಿಂತ, ತೊಂದರೆಯಾದಾಗ ಅವರು ಯಾರನ್ನು ಕೇಳುತ್ತಾರೆ ಎಂಬುದು ಇಲ್ಲಿ ಮುಖ್ಯ. ಪ್ರತಿ ಸಲವೂ ನಿಮಗೇ ಕರೆ ಮಾಡುವವರಾದರೆ, ಮತ್ತು ನಿಮ್ಮ ಎದುರಿಗಿರುವುದು ಮ್ಯಾಕ್ ಆದರೆ, ಅವರ ಬಳಿಯೂ ಮ್ಯಾಕ್ ಇರುವುದೇ ಒಳ್ಳೆಯದು. ನೀವು ನೋಡುತ್ತಿರುವ ಪರದೆಯನ್ನೇ ಅವರೂ ನೋಡುತ್ತಿರುತ್ತಾರೆ, ಪರದೆ ಹಂಚಿಕೊಂಡು ಅಲ್ಲಿಂದಲೇ ಸರಿಪಡಿಸಲೂ ಬರುತ್ತದೆ. ಆಗ ಎಂ1 ಅಥವಾ ಅದರ ನಂತರದ ಏರ್ ಒಂದನ್ನು, ಬಳಸಿದ್ದಾದರೂ ಸರಿ, ತನ್ನಿ. ಪಕ್ಕದ ಮನೆಯ ಹುಡುಗನೋ ಮಾರುಕಟ್ಟೆಯ ಅಂಗಡಿಯವನೋ ನೋಡಿಕೊಳ್ಳುವುದಾದರೆ ಅಲ್ಲೇ ಸ್ಥಳೀಯವಾಗಿ ಒಂದು ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ.

ಮ್ಯಾಕ್ ತರುವುದಾದರೆ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾಳುವುದರಿಂದ ಪಿನ್ ಬದಲಿಸಿದರೆ ಸಾಕು. ಕನ್ನಡ ಟೈಪಿಂಗ್‌ಗೆ ಸೆಟ್ಟಿಂಗ್‌ನಲ್ಲಿ ‘ಕನ್ನಡ – ಕ್ವೆರ್ಟಿ’ ಎಂಬ ಕೀಲಿಮಣೆಯನ್ನು ಸೇರಿಸಿಕೊಡಿ. ತಂದೆಯವರು ನುಡಿ ವಿನ್ಯಾಸದಲ್ಲಿ ಬೆರಳಾಡಿಸಿ ಅಭ್ಯಾಸವಿದ್ದವರಾದರೆ ಅದು ಅವರಿಗೆ ಪೂರ್ತಿ ಹೊಂದುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಅವರಿಂದಲೇ ಒಂದು ಪುಟ ಟೈಪ್ ಮಾಡಿಸಿ ನೋಡಿ.